ಬ, ಬೀಸುಕಲ್ಲು

ಮೈಂದರ್ಗಿಯ ಸ್ಟ್ಯಾಂಡಿನೆದುರು ನನ್ನದೊಂದು ಝೆರಾಕ್ಸ್ ಅಂಗಡಿ.
ಬೋರ್ಡು ಮರಾಠಿ, ಬೈಗುಳ ಕನ್ನಡ,
ಉದ್ರಿ ಎರಡೂ ಭಾಷೆಯಲ್ಲಿ.

ಜೂನ್ ಮುಗಿದರೂ ಪುಸ್ತಕ ಬಂದಿಲ್ಲವೆಂದು
ಕನ್ನಡ ಶಾಲೆಯ ಹತ್ತೂರೆ ಗುರುಗಳು
ತಾವೇ ಬರೆದ ಅಕ್ಷರಮಾಲೆ ಮೇಜಿನ ಮೇಲಿಟ್ಟರು.
ಮೂವತ್ತೊಂದು ಮಕ್ಕಳು, ಮೂವತ್ತೊಂದು ಪ್ರತಿ.
"ಚಿತ್ರ ನೀನ ಹುಡುಕವ್ವ. ರೊಕ್ಕ ಕೊಡಂಗಿರಬಾರದು,
ನಾಳೆ ಯಾರೂ ನೋಟೀಸು ಕಳಸಂಗಿರಬಾರದು."

ಅ ಸಿಕ್ಕಿತು, ನೀಲಿ ಅಗಸಿ ಹೂವಾಗಿ.
ಆ ಸಿಕ್ಕಿತು, ಯಾರ ಅಪ್ಪಣೆಯೂ ಬೇಡದ ಆನೆ,
ಬರೆದವ ಸತ್ತು ನೂರು ವರ್ಷ.
ಸತ್ತವನ ಮುಷ್ಟಿ ಸಡಿಲಾಗಲು
ಕಾಯ್ದೆಯ ಪ್ರಕಾರ ಅರವತ್ತು ವರ್ಷ ಬೇಕಂತೆ.
ಅಲ್ಲಿಯತನಕ ಅವನ ನವಿಲು
ಅವನ ಮೊಮ್ಮಕ್ಕಳ ಅಂಗಳದಲ್ಲೇ ಮೇಯಬೇಕು.
ಆಮೇಲೆ ಬೇಲಿ ಬಿದ್ದು ಗಾಯರಾಣ,
ಯಾರ ದನವಾದರೂ ನುಗ್ಗಬಹುದು.

ಬೇರೆ ಚಿತ್ರಗಳಿಗೆ ಹಚ್ಚೆ ಹೊಯ್ದಂತೆ
ಮೈತುಂಬ ಕಂಪನಿಯ ಗುರುತು:
ಎಮ್ಮೆಯ ಕಣ್ಣಿನ ಮೇಲೆ, ಸೂರ್ಯನ ಮೇಲೆ,
ಒಂದೇ ಟೊಮ್ಯಾಟೊ ಮೇಲೆ ಏಳು ಸಲ.
ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರ.
ಅದನ್ನೋದುವುದೇ ಕೆಲಸವಾಯಿತು ನನಗೆ.
ಯಾರದು, ಯಾವ ಇಸವಿಯದು,
ಬಿಟ್ಟುಕೊಟ್ಟಿದ್ದಾರೋ,
ಬಿಟ್ಟಂತೆ ಮಾಡಿ ಬಾಲ ಹಿಡಿದುಕೊಂಡಿದ್ದಾರೋ.

ಙ, ಞ ಗಳಿಗೆ ಗುರುಗಳೇ ಕೈಮುಗಿದಿದ್ದರು.
ಬ ಹತ್ತಿರ ಗಾಡಿ ನಿಂತಿತು.
ಬೀಸುಕಲ್ಲು ಎಂದು ಒತ್ತಿದರೆ
ಇಡ್ಲಿಹಿಟ್ಟಿನ ಗ್ರೈಂಡರು, ಕಂತಿನ ಮೇಲೆ.
ಮರಾಠಿಯಲ್ಲಿ 'ಜಾತಂ' ಎಂದು ಹುಡುಕಲು ಹೋಗಿ
ತಲೆಯ ಮೇಲಿನ ಚುಕ್ಕಿ ಮರೆತೆ.
ಪರದೆ ತುಂಬ ಜಾತಿ ಪ್ರಮಾಣಪತ್ರದ ಅರ್ಜಿ.
ಚುಕ್ಕಿ ಇಟ್ಟೆ. ಆಗ ಬಂದಳು ಅವಳು.

ನೂರಿಪ್ಪತ್ತು ವರ್ಷದ ಹಿಂದಿನ ಫೋಟೋ.
ಒಂದು ಕಾಲು ಚಾಚಿ ಕೂತಿದ್ದಾಳೆ,
ಗೂಟ ಹಿಡಿದ ಕೈ ಅರ್ಧ ಸುತ್ತಿನಲ್ಲೇ ತಡೆದಿದೆ.
ನಿಲ್ಲು ಎಂದಿರಬೇಕು ಯಾರೋ.
ಕಲ್ಲಿನ ಸುತ್ತ ಹಿಟ್ಟಿನ ಗೆರೆಯಿಲ್ಲ,
ಕಾಳು ಹಾಕದೆ ಬೀಸಿಸಿದ್ದಾರೆ.
ತೆಗೆದವನ ಹೆಸರಿದೆ, ಹುದ್ದೆಯಿದೆ,
ಪೆಟ್ಟಿಗೆಯ ನಂಬರೂ ಇದೆ.
ಅವಳದು ಬರೀ ಜಾತಿ.
ಚುಕ್ಕಿ ಇಟ್ಟರೂ, ನೋಡಿ, ತಪ್ಪಲಿಲ್ಲ.
ಕೊನೆಗೊಂದು ಸಾಲು: ಸಾರ್ವಜನಿಕ ಸ್ವತ್ತು.
ಯಾರ ಹಕ್ಕೂ ಬಾಕಿಯಿಲ್ಲ.

ಮುಖ ಕತ್ತರಿಸಿ, ಕೈ ಮತ್ತು ಕಲ್ಲನ್ನಷ್ಟೇ ಇಟ್ಟು ನೋಡಿದೆ.
ಇನ್ನೂ ಕೆಟ್ಟದಾಗಿ ಕಂಡಿತು.
ಮುಖ ವಾಪಸು ಕೊಟ್ಟು, ತಣ್ಣಗಾದ ಚಹಾ ಕುಡಿದು,
ಶಟರ್ ಅರ್ಧ ಎಳೆದು
ಮಸೂತಿ ಹಿಂದಿನ ಓಣಿಗೆ ಹೋದೆ.

ನೀಲಗಂಗವ್ವನ ಹಿತ್ತಲಲ್ಲಿ
ಕಲ್ಲಿನ ಮೇಲೆ ಕೋಳಿ ಕೂತಿತ್ತು.
"ಫೋಟೋ ತಗೊಳ್ಳೇನಬೇ? ಆಮ್ಯಾಲೆ ಯಾರು ಬೇಕಾದ್ರೂ
ಬಳಸಬಹುದು. ರೊಕ್ಕ ಗಿಕ್ಕ ಬರಂಗಿಲ್ಲ."
"ಕಲ್ಲಿಗೇನು ಕೇಳ್ತಿ? ನಮ್ಮತ್ತಿ ಇದ್ದಾಗ
ಓಣಿ ಎಲ್ಲಾ ಇಲ್ಲೇ ಬೀಸೋದು.
ಇದಕ್ಕ ಮಾಲಕ ಅಂದ್ರ ಟಾಕಿ ಹಾಕಾಂವ,
ಅವನೂ ವರ್ಷಕ್ಕೊಮ್ಮೆ."

ಕೋಳಿ ಓಡಿಸಿ, ಕೂತು, ಮತ್ತೆ ಎದ್ದು,
ಒಳಗಿಂದ ಮೊರದಲ್ಲಿ ಜೋಳ ತಂದಳು.
"ಫೋಟೋಕ್ಕ ಸುಮ್ಮನ ತಿರುವಿದ್ರ ಸಾಕಬೇ."
"ಕಾಳಿಲ್ಲದ ತಿರುವಿದ್ರ
ಕಲ್ಲ ಕಲ್ಲ ತಿಂತಾವ, ಹುಚ್ಚಿ."

ಹಿಟ್ಟು ಬಿದ್ದ ಮೇಲೆ, ಸೆರಗು ಸರಿಮಾಡಿ, ಸಣ್ಣಗೆ:
"ಹೆಸರು ಬರಿತಿಯೇನ ಅದಕ್ಕ?
ರೇಷನ್ ಕಾರ್ಡಿನ್ಯಾಗ ನೀಲಾಬಾಯಿ ಮಾಡ್ಯಾರ.
ನೀನರ ಸರಿ ಬರಿ."

ರಾತ್ರಿ ಏರಿಸುವಾಗ ಯಂತ್ರ ಕೇಳಿತು,
ನಿಮ್ಮ ಎಲ್ಲ ಹಕ್ಕುಗಳನ್ನು ಬಿಡುತ್ತೀರಾ?
ಬಿಟ್ಟೆ. ಬಿಡಲು ನನ್ನ ಬಳಿ ಇಷ್ಟಾದರೂ
ಇತ್ತಲ್ಲ ಎಂದು ಒಂದು ಗಳಿಗೆ ಹಿಗ್ಗಿದೆ.
ವಿವರ ಎಂಬಲ್ಲಿ ಒಂದೊಂದೇ ಅಕ್ಷರ ಒತ್ತಿದೆ:
ನೀಲಗಂಗವ್ವ, ಜೋಳ ಬೀಸುತ್ತಿರುವವರು, ಮೈಂದರ್ಗಿ.
ವ-ಗೆ ವ ಒತ್ತು ಕೊಟ್ಟದ್ದು ಬಿದ್ದಿದೆಯೋ ಎಂದು
ಎರಡು ಸಲ ನೋಡಿಕೊಂಡೆ.